ದೇಹದ ಸಂಧಿಪ್ರಕರಣ

ಸಂಧಿ ಎಂದೊಡನೆ ಕಲಾವಿಭಾಗದ ನಮಗೆ ನೆನಪಾಗುವುದು ವ್ಯಾಕರಣ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ಮೊದಲನೆಯ ಪ್ರಕರಣವನ್ನು ಸಂಧಿಗೇ ಮೀಸಲಿಟ್ಟನು. ‘ಊರು’ ಮತ್ತು ‘ಅಲ್ಲಿ’ ಕೂಡಿದರೆ ‘ಊರಲ್ಲಿ’. ಒಂದು ಸ್ವರ ಬಿದ್ದುಹೋಯಿತು, ಇದು ಲೋಪ. ‘ಕೈ’ ಮತ್ತು ‘ಅನ್ನು’ ಕೂಡಿದರೆ ‘ಕೈಯನ್ನು’. ನಡುವೆ ಯಕಾರವೊಂದು ಹೊಸದಾಗಿ ಬಂದಿತು, ಇದು ಆಗಮ. ‘ಮಳೆ’ ಮತ್ತು ‘ಕಾಲ’ ಕೂಡಿದರೆ ‘ಮಳೆಗಾಲ’. ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕುಳಿತಿತು, ಇದು ಆದೇಶ. ಪರೀಕ್ಷೆಯ ಹಿಂದಿನ ರಾತ್ರಿ ಇಷ್ಟನ್ನಾದರೂ ಬಾಯಿಪಾಠ ಮಾಡದ ವಿದ್ಯಾರ್ಥಿ ನಮ್ಮಲ್ಲಿ ಇರಲಾರನು. ಆದರೆ ಹಾಗೆ ಓದುವಾಗ ಪುಸ್ತಕದ ಹಾಳೆಯನ್ನು ತಿರುವುತ್ತಿರುವ ತೋರುಬೆರಳಿನಲ್ಲಿಯೇ ಮೂರು ಸಂಧಿಗಳಿವೆಯೆಂದೂ, ಅವು ಕೆಲಸ ನಿಲ್ಲಿಸಿದರೆ ಹಾಳೆ ತಿರುವುವಂತಿಲ್ಲವೆಂದೂ ನಾವು ಎಂದಾದರೂ ಯೋಚಿಸಿದ್ದುಂಟೆ? ನಾನಂತೂ ಯೋಚಿಸಿದವನಲ್ಲ. ನನ್ನನ್ನು ಯೋಚನೆಗೆ ಹಚ್ಚಿದ್ದು ನಮ್ಮ ಅವ್ವನ ಬಲಗೈ.

ಎರಡು ವರ್ಷಗಳ ಹಿಂದೆ ಸುಗ್ಗಿಯ ದಿನಗಳಲ್ಲಿ ಅವ್ವ ಕಣಿಕೆಯ ಹೊರೆ ಹೊತ್ತು ಬರುವಾಗ ಹೊಲದ ಬದುವಿನ ಮೇಲೆ ಕಾಲು ಜಾರಿ ಬಲಭುಜದ ಮೇಲೆ ಬಿದ್ದಳು. ಎಕ್ಸ್‌ರೇ ತೆಗೆಸಿದೆವು. ಎಲುಬು ಮುರಿದಿರಲಿಲ್ಲ. “ಕೆಲವು ದಿನ ವಿಶ್ರಾಂತಿ ಕೊಡಿ, ನೋವು ಇಳಿಯುತ್ತಲೇ ದಿನಾಲು ಸ್ವಲ್ಪ ಸ್ವಲ್ಪ ಕೈ ಆಡಿಸಬೇಕು” ಎಂದು ವೈದ್ಯರು ಸ್ಪಷ್ಟವಾಗಿಯೇ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಆ ಮಾತಿನ ಮೊದಲ ಅರ್ಧ ಮಾತ್ರ. ಹಳೆಯ ಧೋತರವೊಂದನ್ನು ಹರಿದು ಅವ್ವನ ಕೈಯನ್ನು ಕೊರಳಿಗೆ ಕಟ್ಟಿದೆನು. ಒಲೆಯ ಮುಂದೆ ಕೂಡಗೊಡಲಿಲ್ಲ, ಕೊಡ ಮುಟ್ಟಗೊಡಲಿಲ್ಲ. ರೊಟ್ಟಿ ಬಡಿಯುವ ಕೆಲಸ ತಂಗಿಯ ಪಾಲಿಗೆ ಬಂದಿತು. ಹೀಗೆ ನಲವತ್ತೈದು ದಿನ ಕಳೆದವು. ಮಗನಾಗಿ ದೊಡ್ಡ ಸೇವೆ ಮಾಡಿದೆನೆಂಬ ಅಭಿಮಾನ ನನಗೆ.

ಕಟ್ಟು ಬಿಚ್ಚಿದ ದಿನ ಅವ್ವನ ಕೈ ಭುಜದ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ತುರುಬು ಕಟ್ಟಿಕೊಳ್ಳಲು ಬಾರದು. ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಬಾರದು. “ಬ್ಯಾನಿ ಹೋತು ಖರೆ, ಅದರ ಸಂಗಟ ಕೈನೂ ಹೋತಲ್ಲೋ ತಮ್ಮಾ” ಎಂದಳು. ಆ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಅದು ನನ್ನನ್ನು ಹೆಚ್ಚು ಚುಚ್ಚಿತು. ಅಂದಿನಿಂದ ನಾನು ಕೀಲುಗಳ ವಿಷಯವಾಗಿ ಸಿಕ್ಕದ್ದನ್ನೆಲ್ಲ ಓದತೊಡಗಿದೆ. ನಾನು ವೈದ್ಯನಲ್ಲ, ವಿಜ್ಞಾನದ ವಿದ್ಯಾರ್ಥಿಯೂ ಅಲ್ಲ. ತಪ್ಪು ಮಾಡಿ ತಿಳಿದುಕೊಂಡದ್ದನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೂರು ಬಗೆಯ ಕೂಡಿಕೆ

ಎರಡು ಅಥವಾ ಹೆಚ್ಚು ಎಲುಬುಗಳು ಸೇರುವ ಸ್ಥಾನಕ್ಕೆ ಕೀಲು ಅಥವಾ ಸಂಧಿ ಎನ್ನುತ್ತಾರೆ. ಬೆಳೆದ ಮನುಷ್ಯನಲ್ಲಿ 206 ಎಲುಬುಗಳಿವೆಯೆಂದು ಪ್ರಾಥಮಿಕ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ಹುಟ್ಟಿದ ಕೂಸಿನ ಮೈಯಲ್ಲಿ ಅವು ಸುಮಾರು 270ರಿಂದ 300ರ ವರೆಗೆ ಇರುತ್ತವೆ. ಉಳಿದವು ಎಲ್ಲಿ ಹೋದವು? ಅವು ಕಳೆದುಹೋಗಲಿಲ್ಲ, ಒಂದರಲ್ಲೊಂದು ಬೆರೆತುಹೋದವು. ಬೆನ್ನಿನ ಕೆಳತುದಿಯ ಐದು ಕಶೇರುಕಗಳು ಬೆಸೆದು ಒಂದೇ ತ್ರಿಕಾಸ್ಥಿಯಾಗುತ್ತದೆ. ಸೊಂಟದ ಪ್ರತಿಯೊಂದು ಪಕ್ಕದಲ್ಲಿಯೂ ಮೂರು ಎಲುಬುಗಳು ಸೇರಿ ಒಂದಾಗುತ್ತವೆ. ಇದನ್ನು ದೇಹದ ಲೋಪಸಂಧಿ ಎನ್ನಬಹುದು. ಬೆಳೆಯುವ ಮಕ್ಕಳ ಉದ್ದನೆಯ ಎಲುಬುಗಳ ತುದಿಗಳ ಬಳಿ ಮೃದ್ವಸ್ಥಿಯ, ಎಂದರೆ ಮೆತ್ತನೆಯ ಎಲುಬಿನ, ಒಂದೊಂದು ಪದರವಿರುತ್ತದೆ. ಎತ್ತರ ಬೆಳೆಯುವುದು ಅಲ್ಲಿಂದಲೇ. ಪ್ರಾಯಕ್ಕೆ ಬಂದ ಮೇಲೆ ಆ ಮೃದ್ವಸ್ಥಿಯ ಸ್ಥಾನದಲ್ಲಿ ಗಟ್ಟಿ ಎಲುಬು ಬಂದು ಬೆಳವಣಿಗೆ ನಿಲ್ಲುತ್ತದೆ. ಇದು ಆದೇಶ. ವ್ಯಾಕರಣದ ನೆನಪಿಗಾಗಿ ಹೀಗೆ ಹೇಳಿದೆನೇ ಹೊರತು ಅಂಗರಚನಾಶಾಸ್ತ್ರದವರು ಇಟ್ಟ ಹೆಸರುಗಳಲ್ಲ ಇವು.

ಶಾಸ್ತ್ರಕಾರರು ಕೀಲುಗಳನ್ನು ಮೂರು ಗುಂಪು ಮಾಡುತ್ತಾರೆ. ಮೊದಲನೆಯವು ನಾರಿನಿಂದ ಹೆಣೆದ ಕೀಲುಗಳು. ತಲೆಬುರುಡೆಯ ಎಲುಬುಗಳು ಹೀಗೆ ಹೊಲಿದಂತೆ ಸೇರಿರುತ್ತವೆ. ಕೂಸಿನ ನೆತ್ತಿಯ ಮೇಲೆ ಎಣ್ಣೆ ಹಾಕುವಾಗ ಬೆರಳಿಗೆ ಮೆತ್ತಗೆ ಹತ್ತುವ ಸ್ಥಳವುಂಟಷ್ಟೆ, ಅದು ಈ ಹೊಲಿಗೆ ಇನ್ನೂ ಮುಗಿಯದಿರುವ ಸ್ಥಳ. ಮುಂದಿನ ನೆತ್ತಿ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುತ್ತದೆ. ಎರಡನೆಯವು ಮೃದ್ವಸ್ಥಿಯ ಕೀಲುಗಳು. ಬೆನ್ನುಮೂಳೆಯ ಕಶೇರುಕಗಳ ನಡುವಿನ ಬಿಲ್ಲೆಗಳು ಈ ಜಾತಿಯವು. ಒಂದೊಂದರ ಬಾಗು ಅಲ್ಪ, ಆದರೆ ಎಲ್ಲವೂ ಸೇರಿದಾಗ ನಾವು ಬಗ್ಗಿ ನೆಲ ಮುಟ್ಟಬಹುದು. ಮೂರನೆಯವು ಸರಾಗವಾಗಿ ಆಡುವ ಕೀಲುಗಳು: ಭುಜ, ಮೊಣಕೈ, ಸೊಂಟ, ಮೊಣಕಾಲು, ಬೆರಳುಗಳು. ಇವುಗಳಲ್ಲಿ ಎರಡು ಎಲುಬುಗಳ ನಡುವೆ ಸಣ್ಣದೊಂದು ತೆರವು ಇದ್ದು, ಆ ತೆರವಿನಲ್ಲಿ ಒಂದು ದ್ರವ ಬಂದಿರುತ್ತದೆ. ಎರಡರ ನಡುವೆ ಹೊಸದೊಂದು ಬಂದಿದೆಯಾದ್ದರಿಂದ ಇದು ನಮ್ಮ ಆಗಮಸಂಧಿ. ಇಲ್ಲಿ ನೆನಪಿಡತಕ್ಕ ಮಾತೊಂದಿದೆ. ವ್ಯಾಕರಣದಲ್ಲಿ ಸಂಧಿಯಾದ ಪದಗಳು ಒಂದಾಗಿಬಿಡುತ್ತವೆ. ದೇಹದ ಈ ಸಂಧಿಯಾದರೋ ಎರಡನ್ನು ಕೂಡಿಸಬೇಕು, ಆದರೆ ಎಂದಿಗೂ ಒಂದಾಗಗೊಡಬಾರದು. ಕೀಲಿನ ಆರೋಗ್ಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಈ ವಿಚಾರ ನಮ್ಮ ದೇಶದಲ್ಲಿ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ 210 ಸಂಧಿಗಳನ್ನು ಎಣಿಸಿದೆ: ಕೈಕಾಲುಗಳಲ್ಲಿ 68, ಮುಂಡದಲ್ಲಿ 59, ಕುತ್ತಿಗೆ ಮತ್ತು ಅದರ ಮೇಲೆ 83. ಅವುಗಳ ಎಂಟು ಬಗೆಗಳಿಗೆ ಇಟ್ಟ ಹೆಸರುಗಳು ಬಹಳ ಸೊಗಸಾಗಿವೆ. ಕಂಕುಳ ಮತ್ತು ತೊಡೆಸಂದಿನ ಕೀಲು ‘ಉಲೂಖಲ’, ಎಂದರೆ ಒರಳು. ದವಡೆಯದು ‘ವಾಯಸತುಂಡ’, ಕಾಗೆಯ ಕೊಕ್ಕು. ತಲೆಬುರುಡೆಯದು ‘ತುನ್ನಸೇವನಿ’, ಬಟ್ಟೆಯ ಹೊಲಿಗೆ. ಮನೆಯಲ್ಲಿ, ಅಂಗಳದಲ್ಲಿ ಕಾಣುವ ವಸ್ತುಗಳಿಂದಲೇ ಶಾಸ್ತ್ರದ ಹೆಸರುಗಳನ್ನು ಆರಿಸಿದ್ದನ್ನು ನೋಡಿದರೆ, ಆ ಗುರುಗಳ ಪಾಠ ಶಿಷ್ಯರಿಗೆ ಬೇಗನೆ ಅರ್ಥವಾಗುತ್ತಿದ್ದಿರಬೇಕೆಂದು ತೋರುತ್ತದೆ.

ಕೆಲಸದ ಹಂಚಿಕೆ

ಒಂದೊಂದು ಕೀಲಿಗೂ ಅದರದೇ ಆದ ಆಟವಿದೆ. ಮೊಣಕೈ ಬಾಗಿಲಿನಂತೆ ಒಂದೇ ದಿಕ್ಕಿನಲ್ಲಿ ಮಡಚಿ ತೆರೆಯುತ್ತದೆ. ಬೀಗದ ಕೈ ತಿರುವುವಂತೆ ಅಂಗೈಯನ್ನು ಮೇಲೆ ಕೆಳಗೆ ಮಾಡುವ ಕೆಲಸಕ್ಕೆ ಮುಂಗೈಯ ಎರಡು ಎಲುಬುಗಳು ಒಂದರ ಸುತ್ತ ಒಂದು ಹೊರಳುತ್ತವೆ. ಕುತ್ತಿಗೆಯ ಏರ್ಪಾಡು ವಿಚಿತ್ರವಾದದ್ದು. ‘ಹೌದು’ ಎಂದು ತಲೆದೂಗುವಾಗ ಮುಖ್ಯವಾಗಿ ಬುರುಡೆ ಮತ್ತು ಮೊದಲನೆಯ ಕಶೇರುಕದ ನಡುವಿನ ಕೀಲು ಆಡುತ್ತದೆ. ‘ಇಲ್ಲ’ ಎಂದು ತಲೆಯಾಡಿಸುವಾಗ ಮೊದಲನೆಯ ಮತ್ತು ಎರಡನೆಯ ಕಶೇರುಕಗಳ ನಡುವಿನದು. ಉಪನ್ಯಾಸಕರು “ಅರ್ಥವಾಯಿತೆ?” ಎಂದು ಕೇಳಿದಾಗ ನಾವು ಸಾಮಾನ್ಯವಾಗಿ ಮೊದಲನೆಯ ಕೀಲನ್ನೇ ಬಳಸುತ್ತೇವೆ. ಹೆಬ್ಬೆರಳಿನ ಬುಡದ ಕೀಲು ಕುದುರೆಯ ಜೀನಿನ ಆಕಾರದ್ದು. ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬಂದು ನಿಲ್ಲುವುದು ಅದರಿಂದಲೇ. ರೊಟ್ಟಿಯ ತುತ್ತು ಮುರಿಯುವುದು, ಹತ್ತಿ ಬಿಡಿಸುವುದು, ಲೇಖನಿ ಹಿಡಿಯುವುದು ಎಲ್ಲವೂ ಈ ಕೀಲಿನ ಪ್ರಸಾದ.

ಸೊಂಟ ಮತ್ತು ಭುಜ ಎರಡೂ ಗುಂಡು ಮತ್ತು ಗುಣಿಯ ಕೀಲುಗಳು. ಆದರೆ ಇವುಗಳ ಸ್ವಭಾವ ಬೇರೆ. ಸೊಂಟದ ಗುಣಿ ಆಳವಾದದ್ದು, ತೊಡೆಯೆಲುಬಿನ ಗುಂಡು ಅದರೊಳಗೆ ಭದ್ರವಾಗಿ ಕೂತಿರುತ್ತದೆ. ಮೈಯ ಭಾರ ಹೊರಬೇಕಾದ ಕೀಲಿಗೆ ಭದ್ರತೆಯೇ ಮೊದಲು. ಭುಜದ ಗುಣಿಯೋ ತಟ್ಟೆಯಂತೆ ಆಳವಿಲ್ಲದ್ದು. ತೋಳಿನ ಗುಂಡಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಒಂದು ಹೊತ್ತಿಗೆ ಅದನ್ನು ಮುಟ್ಟಿರುತ್ತದೆ. ಆದ್ದರಿಂದಲೇ ನಾವು ಕವಣೆ ಬೀಸಬಲ್ಲೆವು, ಬೆನ್ನು ತುರಿಸಿಕೊಳ್ಳಬಲ್ಲೆವು. ಆದ್ದರಿಂದಲೇ ದೇಹದ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದೂ ಭುಜವೇ. ಸ್ವಾತಂತ್ರ್ಯ ಹೆಚ್ಚಾದಲ್ಲಿ ಎಚ್ಚರವೂ ಹೆಚ್ಚು ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಬಂಡಿಯ ಕೀಲೆಣ್ಣೆ

ಕೀಲಿನ ಒಳಗನ್ನು ಈಗ ನೋಡೋಣ. ಎರಡು ಎಲುಬುಗಳ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ದೊಡ್ಡ ಕೀಲುಗಳಲ್ಲಿ ಅದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರು. ಇಡೀ ಕೀಲನ್ನು ಚೀಲದಂತೆ ಒಂದು ಗಟ್ಟಿ ಪೊರೆ ಸುತ್ತುವರಿದಿದೆ. ಎಲುಬಿನಿಂದ ಎಲುಬಿಗೆ ಕಟ್ಟಿದ ಹಗ್ಗಗಳಂತಹ ಅಸ್ಥಿರಜ್ಜುಗಳು ಕೀಲು ಹಳಿ ತಪ್ಪದಂತೆ ಹಿಡಿದಿವೆ. ಚೀಲದ ಒಳಮೈಗೆ ಅಂಟಿದ ತೆಳುಪೊರೆಯೊಂದು ಸಂಧಿದ್ರವವನ್ನು ಸ್ರವಿಸುತ್ತದೆ. ಇದು ಹಸಿ ತತ್ತಿಯ ಬಿಳಿಭಾಗದಂತೆ ಲೋಳೆಯಾಗಿರುತ್ತದೆ. ಹದಿನಾರನೆಯ ಶತಮಾನದ ಯುರೋಪಿನ ವೈದ್ಯ ಪ್ಯಾರಾಸೆಲ್ಸಸ್ ಬಳಕೆಗೆ ತಂದನೆನ್ನುವ ‘ಸೈನೋವಿಯಾ’ ಎಂಬ ಅದರ ಹೆಸರಿನಲ್ಲಿ ತತ್ತಿ ಎಂಬರ್ಥದ ಲ್ಯಾಟಿನ್ ಶಬ್ದ ಸೇರಿದೆಯೆಂದು ಹೇಳುತ್ತಾರೆ. ಅಷ್ಟು ದೊಡ್ಡ ಮೊಣಕಾಲಿನಲ್ಲಿಯೂ ಆರೋಗ್ಯವಾಗಿದ್ದಾಗ ಈ ದ್ರವ ಕೆಲವೇ ಮಿಲಿಲೀಟರು, ಎಂದರೆ ಒಂದು ಸಣ್ಣ ಚಮಚೆಯಷ್ಟೂ ಇರಲಾರದು.

ನಮ್ಮ ಮುತ್ಯಾನ ಕಾಲದಲ್ಲಿ ಮನೆಯಲ್ಲಿ ಬಂಡಿಯಿತ್ತು. ಹರಳೆಣ್ಣೆಯಲ್ಲಿ ಮಸಿ ಕಲಸಿ ಮಾಡಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಕೆಳಗೆ ತೂಗುಹಾಕುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಬಿಡದೆ ಹೊರಟ ಬಂಡಿ ಊರ ಬಾಗಿಲು ದಾಟುವುದರೊಳಗೆ ಕಿರುಗುಟ್ಟಿ ಊರಿಗೆಲ್ಲ ಸಾರುತ್ತಿತ್ತು. ಅಚ್ಚಿಗೆ ಎಣ್ಣೆ ಬಿಟ್ಟ ಚಕ್ರ ಹೇಗೆ ಚೆನ್ನಾಗಿ ಉರುಳುವುದೋ ಹಾಗೆ ಶ್ಲೇಷ್ಮದಿಂದ ನೆನೆದ ಸಂಧಿಗಳು ಚೆನ್ನಾಗಿ ನಡೆಯುತ್ತವೆ ಎಂಬ ಹೋಲಿಕೆಯನ್ನು ಸುಶ್ರುತನೂ ಕೊಟ್ಟಿದ್ದಾನೆ. ಇದನ್ನು ಓದಿದಾಗ ನನಗೆ ಮುತ್ಯಾನ ಗೊಟ್ಟವೇ ಕಣ್ಮುಂದೆ ಬಂದಿತು.

ಆದರೆ ದೇಹದ ಕೀಲೆಣ್ಣೆ ಬಂಡಿಯದಕ್ಕಿಂತ ಬಹಳ ಜಾಣತನದ್ದು. ಅದರಲ್ಲಿ ಹಯಲುರಾನಿಕ್ ಆಮ್ಲವೆಂಬ ಲೋಳೆಪದಾರ್ಥವಿದೆ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬವರು ದನದ ಕಣ್ಣಿನೊಳಗಿನ ಲೋಳೆಯಿಂದ ಇದನ್ನು ಮೊದಲಿಗೆ ಬೇರ್ಪಡಿಸಿದರು. ಕೀಲು ನಿಧಾನವಾಗಿದ್ದಾಗ ದ್ರವ ದಪ್ಪಗಿರುತ್ತದೆ, ಚುರುಕಾಗಿ ಆಡಿದಾಗ ತೆಳ್ಳಗಾಗುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿಯಾಗಿರುವ ಮೈ ನಾಲ್ಕು ಹೆಜ್ಜೆ ಅಡ್ಡಾಡಿದ ಮೇಲೆ ಸಡಿಲಾಗುವುದಕ್ಕೆ ಇದೂ ಒಂದು ಕಾರಣ. ಆರೋಗ್ಯವಾದ ಕೀಲಿನ ಘರ್ಷಣಾಂಕವು 0.01ರ ಆಸುಪಾಸಿನಲ್ಲಿ, ಕೆಲವು ಸಲ ಅದಕ್ಕಿಂತಲೂ ಕಡಿಮೆ, ಇರುತ್ತದೆ. ನೂರು ಕಿಲೋ ಭಾರದಿಂದ ಒತ್ತಿದ ಎರಡು ಮೇಲ್ಮೈಗಳನ್ನು ಸರಿಸಲು ಒಂದು ಕಿಲೋ ಭಾರದಷ್ಟು ಎಳೆತ ಸಾಕು ಎಂದು ಇದರ ಅರ್ಥ.

ಹೋಲಿಕೆ ಮುರಿಯುವ ಸ್ಥಳ

ಇನ್ನು ಮುಂದೆ ಬಂಡಿಯ ಹೋಲಿಕೆ ನಡೆಯದು. ನನ್ನ ತಪ್ಪು ಇದ್ದದ್ದೂ ಇಲ್ಲಿಯೇ. ಅಚ್ಚು ಓಡಿದಷ್ಟೂ ಸವೆಯುತ್ತದೆ, ನಿಂತರೆ ಉಳಿಯುತ್ತದೆ. ಕೀಲೂ ಹಾಗೆಯೇ ಎಂದು ನಾನು ತಿಳಿದಿದ್ದೆ. ಜೀವಂತ ಕೀಲಿನ ಧರ್ಮ ಬೇರೆ.

ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಮಾಂಸಕ್ಕೂ ಎಲುಬಿಗೂ ಆಹಾರವನ್ನು ರಕ್ತ ಮನೆಬಾಗಿಲಿಗೆ ತಂದುಕೊಡುತ್ತದೆ. ಮೃದ್ವಸ್ಥಿಯ ಜೀವಕೋಶಗಳಿಗೆ ಆ ಅನುಕೂಲವಿಲ್ಲ. ಅವು ಬಹುಪಾಲು ಸಂಧಿದ್ರವದಿಂದಲೇ ಆಹಾರ ಪಡೆಯಬೇಕು. ಮೃದ್ವಸ್ಥಿಯ ತೂಕದಲ್ಲಿ ಶೇಕಡಾ 65ರಿಂದ 80ರ ವರೆಗೆ ನೀರೇ. ನೀರಲ್ಲಿ ನೆನೆದ ಅರಿವೆಯನ್ನು ಹಿಂಡಿದರೆ ನೀರು ಹೊರಬರುತ್ತದೆ, ಸಡಿಲಬಿಟ್ಟು ನೀರಲ್ಲಿಟ್ಟರೆ ಮತ್ತೆ ಹೀರಿಕೊಳ್ಳುತ್ತದೆ. ಕಾಲೂರಿದಾಗ ಮೊಣಕಾಲಿನ ಮೃದ್ವಸ್ಥಿ ಹಿಂಡಿದಂತಾಗುತ್ತದೆ. ಕಾಲೆತ್ತಿದಾಗ ಅದು ಮತ್ತೆ ದ್ರವವನ್ನು ಒಳಗೆ ಎಳೆದುಕೊಳ್ಳುತ್ತದೆ. ಆ ದ್ರವದ ಜೊತೆಗೆ ಆಹಾರ ಬರುತ್ತದೆ. ಒಂದೊಂದು ಹೆಜ್ಜೆಯೂ ಕೀಲಿಗೆ ಒಂದೊಂದು ತುತ್ತು ಎನ್ನಬಹುದು. ನಡೆಯದ ಬಂಡಿ ಸವೆಯದೆ ಉಳಿಯುತ್ತದೆ. ಆಡದ ಕೀಲು ಉಪವಾಸ ಬೀಳುತ್ತದೆ.

ಭುಜದಲ್ಲಿ ಇನ್ನೊಂದು ತೊಡಕು. ಕೈ ಮೇಲೆತ್ತಲು ಅನುಕೂಲವಾಗಲೆಂದು ಕೀಲಿನ ಚೀಲವು ಕಂಕುಳ ಕಡೆಗೆ ನಿರಿಗೆ ನಿರಿಗೆಯಾಗಿ ಸಡಿಲಾಗಿರುತ್ತದೆ. ಕೈಯನ್ನು ಬಹುದಿನ ಮೈಗೆ ಕಟ್ಟಿಟ್ಟರೆ ಆ ನಿರಿಗೆಗಳು ಅಂಟಿಕೊಳ್ಳಬಹುದು. ಚೀಲ ದಪ್ಪಗಾಗಿ ಕುಗ್ಗಬಹುದು. 1934ರಲ್ಲಿ ಅಮೆರಿಕದ ವೈದ್ಯ ಕಾಡ್‌ಮನ್ ಈ ಸ್ಥಿತಿಗೆ ‘ಹೆಪ್ಪುಗಟ್ಟಿದ ಭುಜ’ ಎಂಬ ಅರ್ಥದ ಹೆಸರಿಟ್ಟನು. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ ಮತ್ತು ಸಕ್ಕರೆಕಾಯಿಲೆಯವರಲ್ಲಿ ಇದು ಹೆಚ್ಚು. ಕೆಲವರಿಗೆ ಯಾವ ಪೆಟ್ಟೂ ಇಲ್ಲದೆ ಬರುವುದುಂಟು. ಅವ್ವನಿಗೆ ಮಾತ್ರ ಅದನ್ನು ತಂದುಕೊಟ್ಟದ್ದು ನನ್ನ ಧೋತರದ ಕಟ್ಟು.

ಹಾಗಾದರೆ ಎಷ್ಟು ದುಡಿಸಿದರೂ ಕೀಲಿಗೆ ಒಳ್ಳೆಯದೇ? ಹಾಗೂ ಇಲ್ಲ. ಸಮನೆಲದ ಮೇಲೆ ನಡೆಯುವಾಗಲೇ ಮೊಣಕಾಲಿನ ಕೀಲಿನ ಮೇಲೆ ಮೈತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ಮೈತೂಕದ ಜೊತೆಗೆ ಕಾಲಿನ ಸ್ನಾಯುಗಳ ಎಳೆತವೂ ಸೇರುವುದರಿಂದ ಹೀಗಾಗುತ್ತದೆ. ಐವತ್ತು ಕಿಲೋ ತೂಕದ ಹೆಂಗಸಿನ ಮೊಣಕಾಲು ಹೆಜ್ಜೆಹೆಜ್ಜೆಗೂ 125ರಿಂದ 150 ಕಿಲೋ ಹೊರುತ್ತದೆಂದಾಯಿತು. ಮೆಟ್ಟಿಲು ಹತ್ತುವಾಗ, ಕುಕ್ಕರುಗಾಲಲ್ಲಿ ಕುಳಿತು ಏಳುವಾಗ ಇನ್ನೂ ಹೆಚ್ಚು. ಇದಕ್ಕೆ ಪ್ರತಿಯಾಗಿ, ಮೊಣಕಾಲು ಸವೆದ ಸ್ಥೂಲಕಾಯದವರಲ್ಲಿ ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬಸವಸಾಗರದ ಕಾಲುವೆಯ ನೀರು ಬಂದ ಮೇಲೆ ನಮ್ಮ ತಾಲ್ಲೂಕಿನಲ್ಲಿ ಭತ್ತದ ಗದ್ದೆಗಳು ಹೆಚ್ಚಿದವು. ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ನಾಟುವ ನಮ್ಮ ತಾಯಂದಿರ ಬೆನ್ನಿಗೂ ಮೊಣಕಾಲಿಗೂ ಈ ಲೆಕ್ಕ ಯಾರೂ ಹೇಳದೆಯೇ ಗೊತ್ತು. ಬಹಳ ಹೊತ್ತು ಒಂದೇ ಭಂಗಿಯಲ್ಲಿ ಹೊತ್ತ ಭಾರ ಹಿಂಡುತ್ತದೆಯೇ ಹೊರತು ಸಡಿಲಬಿಡುವುದಿಲ್ಲ. ಆಗ ಕೀಲಿಗೆ ದುಡಿತವುಂಟು, ಊಟವಿಲ್ಲ. ಸವೆದ ಮೃದ್ವಸ್ಥಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲವೆಂದು ವಿಲಿಯಂ ಹಂಟರ್ ಎಂಬ ವೈದ್ಯನು 1743ರಲ್ಲಿಯೇ ಬರೆದನು. ಅನಂತರ ಎಷ್ಟೋ ಶಸ್ತ್ರಚಿಕಿತ್ಸೆಗಳು ಬಂದಿದ್ದರೂ ಆ ಮಾತು ಬಹುಮಟ್ಟಿಗೆ ನಿಂತಿದೆ.

ನೆಟಿಗೆಯ ಸದ್ದು

ಇಲ್ಲಿ ಒಂದು ಸಣ್ಣ ಸಂದೇಹವನ್ನು ಪರಿಹರಿಸಿಬಿಡೋಣ. ಪರೀಕ್ಷಾ ಕೊಠಡಿಯಲ್ಲಿ ನಾವು ಬೆರಳಿನ ನೆಟಿಗೆ ತೆಗೆಯುತ್ತೇವೆ. ಮನೆಯಲ್ಲಿ ಹಿರಿಯರು ಮಕ್ಕಳ ಮುಖದ ಮುಂದೆ ಕೈ ನಿವಾಳಿಸಿ ತಮ್ಮ ಕಣತಲೆಗೆ ಬೆರಳೊತ್ತಿ ನೆಟಿಗೆ ಮುರಿಯುತ್ತಾರೆ. ಹೆಚ್ಚು ಸದ್ದಾದರೆ ಹೆಚ್ಚು ದೃಷ್ಟಿಯಾಗಿತ್ತೆಂದು ಲೆಕ್ಕ. ಆ ಸದ್ದು ಎಲುಬಿಗೆ ಎಲುಬು ತಾಗಿದ್ದಲ್ಲ. ಕೀಲನ್ನು ಎಳೆದಾಗ ಒಳಗಿನ ಒತ್ತಡ ತಟ್ಟನೆ ಇಳಿದು, ದ್ರವದಲ್ಲಿ ಕರಗಿದ್ದ ಅನಿಲದಿಂದ ಒಂದು ಪೊಳ್ಳು ಉಂಟಾಗುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ಕೀಲು ಸದ್ದು ಮಾಡುವ ಕ್ಷಣವನ್ನು ಎಂ.ಆರ್.ಐ. ಯಂತ್ರದಲ್ಲಿ ಚಿತ್ರೀಕರಿಸಿ ಇದನ್ನು ತೋರಿಸಿದರು. ಆ ಅನಿಲ ಮತ್ತೆ ಕರಗಲು ಸುಮಾರು ಇಪ್ಪತ್ತು ನಿಮಿಷ ಬೇಕು. ಅದಕ್ಕೇ ಒಮ್ಮೆ ತೆಗೆದ ನೆಟಿಗೆ ಕೂಡಲೇ ಮತ್ತೊಮ್ಮೆ ಬರುವುದಿಲ್ಲ. ನೆಟಿಗೆ ತೆಗೆದರೆ ಕೀಲು ಸವೆಯುತ್ತದೆಂಬುದಕ್ಕೆ ಆಧಾರವಿಲ್ಲ. ಅಮೆರಿಕದ ವೈದ್ಯ ಡೊನಾಲ್ಡ್ ಉಂಗರ್ ತನ್ನ ಒಂದೇ ಕೈಯ ನೆಟಿಗೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೆಗೆದು, ಎರಡು ಕೈಗಳಲ್ಲಿಯೂ ಸಂಧಿವಾತವಿಲ್ಲವೆಂದು 1998ರಲ್ಲಿ ಪ್ರಕಟಿಸಿದನು. ನೋವಿನೊಡನೆ ಬರುವ ಸದ್ದಿನ ಮಾತು ಬೇರೆ. ಅದನ್ನು ವೈದ್ಯರಿಗೆ ತೋರಿಸತಕ್ಕದ್ದು.

ನಮ್ಮ ನೀರು, ನಮ್ಮ ಕೀಲು

ಕೀಲು ಕೆಡಲು ದುಡಿತವೂ ವಯಸ್ಸೂ ಮಾತ್ರ ಕಾರಣಗಳಲ್ಲ. ಸಂಧಿವಾತದ ಒಂದು ಬಗೆಯಲ್ಲಿ ದೇಹದ ರಕ್ಷಣಾಪಡೆಯೇ ತಪ್ಪು ತಿಳಿದು ಕೀಲಿನ ಒಳಪೊರೆಯ ಮೇಲೆ ಏರಿಹೋಗುತ್ತದೆ. 2006ರಲ್ಲಿ ನಮ್ಮ ಭಾಗದ ಹಳ್ಳಿಗಳನ್ನು ಹಾಸಿಗೆ ಹಿಡಿಸಿದ ಚಿಕುನ್‌ಗುನ್ಯಾದ ಹೆಸರೇ ಆಫ್ರಿಕದ ಮಕೊಂಡೆ ಭಾಷೆಯಲ್ಲಿ ‘ಬಾಗಿ ಮುರುಟುವುದು’ ಎಂಬರ್ಥದ್ದು. ಜ್ವರ ವಾರದಲ್ಲಿ ಬಿಟ್ಟರೂ ಕೀಲುನೋವು ಕೆಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ, ಆ ಊರಿನ ಹೆಸರನ್ನೇ ಹೊತ್ತ ಕಾಯಿಲೆ ಸೊಂಟದ ಮತ್ತು ಮೊಣಕಾಲಿನ ಕೀಲುಗಳನ್ನು ಹಾಳುಮಾಡುತ್ತದೆ. ಅದು ವಂಶಪಾರಂಪರ್ಯವಾಗಿ ಬರುವಂಥದೆಂದು ಅನಂತರದ ಅಧ್ಯಯನಗಳು ತೋರಿಸಿದವು.

ಆದರೆ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ನಾವು ವಿಶೇಷವಾಗಿ ತಿಳಿಯಬೇಕಾದದ್ದು ಫ್ಲೋರೈಡಿನ ವಿಷಯ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದನ್ನು ನೋಡಲು ದೂರದವರು ಬರುತ್ತಾರೆ. ಬೆಟ್ಟದ ಮೇಲೆ ಕಾಣುವ ಗಟ್ಟಿಶಿಲೆಯಂಥದೇ ಶಿಲೆ ನಮ್ಮ ಕಾಲ ಕೆಳಗೂ ಹರಡಿದೆ. ಇಂತಹ ಶಿಲೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಅದು ಇಳಿಯುತ್ತದೆ. ಆ ನೀರನ್ನು ಕೊಳವೆಬಾವಿ ಮೇಲೆ ತರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು, ಬೇರೆ ಗತಿಯಿಲ್ಲದಿದ್ದರೆ 1.5ರ ವರೆಗೆ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಈ ಮಿತಿಯನ್ನು ಮೀರಿದೆ.

ಮಿತಿಮೀರಿದ ಫ್ಲೋರೈಡ್ ಮೊದಲು ಮಕ್ಕಳ ಹಲ್ಲಿನ ಮೇಲೆ ಬಿಳಿಯ, ಕಂದುಬಣ್ಣದ ಕಲೆಗಳಾಗಿ ಕಾಣಿಸಿಕೊಳ್ಳುತ್ತದೆ. ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಅದು ಎಲುಬಿನಲ್ಲಿ ಸೇರುತ್ತ ಹೋಗುತ್ತದೆ. ಕೊನೆಗೆ ಮೆತ್ತಗೆ ಬಳುಕಬೇಕಾದ ಅಸ್ಥಿರಜ್ಜುಗಳಲ್ಲಿಯೂ ಸುಣ್ಣ ಕೂಡಿ ಅವು ಎಲುಬಿನಂತೆ ಬಿರುಸಾಗುತ್ತವೆ. ಬರಬಾರದ ಕಡೆಯಲ್ಲಿ ಬಂದ ಆದೇಶಸಂಧಿ ಇದು. ಬೇರೆಬೇರೆಯಾಗಿರಬೇಕಾದ ಕಶೇರುಕಗಳು ಒಂದೇ ಕೋಲಾಗಿಬಿಡುತ್ತವೆ. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವರ್ಣಿಸಿದ್ದು 1937ರಲ್ಲಿ, ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಿಂದ.

ಇದನ್ನು ಸಂಶಯಿಸಲು ಯಂತ್ರ ಬೇಕಿಲ್ಲ. ಮೂರು ಸರಳ ಪರೀಕ್ಷೆಗಳಿವೆ: ಮೊಣಕಾಲು ಮಡಚದೆ ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದು; ಗದ್ದವನ್ನು ಎದೆಗೆ ಮುಟ್ಟಿಸುವುದು; ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯುವುದು. ಬಾರದಿದ್ದರೆಲ್ಲ ಫ್ಲೋರೈಡೇ ಎನ್ನುವಂತಿಲ್ಲ; ಅವ್ವನೂ ಮೂರನೆಯದರಲ್ಲಿ ಸೋತಿದ್ದಳಷ್ಟೆ. ಆದರೆ ಒಂದೇ ಊರಿನ ಅನೇಕರಿಗೆ ಬಾರದಿದ್ದರೆ ನೀರನ್ನು ಪರೀಕ್ಷೆ ಮಾಡಿಸಲೇಬೇಕು. ನೀರು ಕಾಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದರ ಪ್ರಮಾಣ ಹೆಚ್ಚೇ ಆಗುತ್ತದೆ. ನದಿಯ ಶುದ್ಧೀಕರಿಸಿದ ನೀರು, ಮಳೆನೀರಿನ ಸಂಗ್ರಹ, ಶುದ್ಧ ನೀರಿನ ಘಟಕ, ಅಥವಾ ಪಟಿಕ ಮತ್ತು ಸುಣ್ಣ ಬೆರೆಸಿ ತಿಳಿಗೊಳಿಸುವ ನಲ್ಗೊಂಡ ವಿಧಾನ, ಇವು ಪರಿಹಾರಗಳು. ಹಾಲು, ಹಸಿರುಸೊಪ್ಪು, ನೆಲ್ಲಿ, ನಿಂಬೆ ಊಟದಲ್ಲಿದ್ದರೆ ದೇಹಕ್ಕೆ ತಡೆಯುವ ಶಕ್ತಿ ಹೆಚ್ಚು. ಬೆಸೆದುಹೋದ ಕೀಲನ್ನು ಬಿಡಿಸುವ ಔಷಧ ಮಾತ್ರ ಇಲ್ಲ. ಆದ್ದರಿಂದ ಊರಿನ ಮಕ್ಕಳ ಹಲ್ಲು ನೋಡಿದಾಗಲೇ ನಾವು, ನಾಲ್ಕು ಅಕ್ಷರ ಕಲಿತವರು, ಎಚ್ಚರಗೊಳ್ಳಬೇಕು.

ಗೋಡೆಯ ಮೇಲಿನ ಗೆರೆಗಳು

ಇನ್ನು ಅವ್ವನ ಕೈಯ ಕಥೆಯನ್ನು ಮುಗಿಸುತ್ತೇನೆ. ಎರಡನೆಯ ಸಲ ಹೋದಾಗ ವೈದ್ಯರು ನನ್ನನ್ನು ಬಯ್ಯಲಿಲ್ಲ. ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡನಂತೆ ಗೋಡೆಯ ಮೇಲೆ ಹತ್ತಿಸಬೇಕು. ನೋವು ತಾಳುವಷ್ಟು ಮಾತ್ರ, ಆದರೆ ಒಂದು ದಿನವೂ ತಪ್ಪಿಸಬಾರದು ಎಂದರು. ಪಡಸಾಲೆಯ ಗೋಡೆಯನ್ನು ಅದಕ್ಕಾಗಿ ಆರಿಸಿದೆವು. ಬೆರಳು ಮುಟ್ಟಿದ ಎತ್ತರಕ್ಕೆ ತಂಗಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಮೊದಲ ಗೆರೆ ಅವ್ವನ ಗದ್ದದ ಮಟ್ಟದಲ್ಲಿತ್ತು. ಕೆಲವು ವಾರ ಗೆರೆಯ ಮೇಲೆಯೇ ಗೆರೆ ಬಿದ್ದಿತು. “ಈ ಗ್ವಾಡಿ ನನಗಿಂತ ಹಟಮಾರಿ ಅದ” ಎಂದು ಅವ್ವ ನಗುತ್ತಿದ್ದಳು. ನಗುವಾಗ ಕಣ್ಣಲ್ಲಿ ನೀರಿರುತ್ತಿತ್ತು. ಆರನೆಯ ತಿಂಗಳಿಗೆ ಗೆರೆ ದೀಪದ ಮಾಡವನ್ನು ಮುಟ್ಟಿತು. ಪೂರ್ತಿ ವರ್ಷ ಕಳೆದ ಮೇಲೆ ಅವಳೇ ತುರುಬು ಕಟ್ಟಿಕೊಂಡಳು.

ಎರಡನೆಯ ವರ್ಷದ ಪರೀಕ್ಷೆಯ ಫಲಿತಾಂಶ ಬಂದ ದಿನ ನಾನು ತೇರ್ಗಡೆಯಾದ ಸುದ್ದಿ ಹೇಳಿದೆ. ಅವ್ವ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ನಿವಾಳಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಎಡಗೈ ಸಲೀಸಾಗಿ ಹೋಯಿತು. ಬಲಗೈ ತುಸು ತಡವಾಗಿ, ಆದರೆ ಅದೇ ಎತ್ತರಕ್ಕೆ ಬಂದು ಮುಟ್ಟಿತು. ಎರಡೂ ಕಡೆ ನೆಟಿಗೆ ಸದ್ದಾಯಿತು.

ಪಡಸಾಲೆಯ ಗೋಡೆಗೆ ಈ ವರ್ಷ ಸುಣ್ಣ ಬಳಿಯಬೇಕಾಗಿದೆ. ಆ ಗೆರೆಗಳಿದ್ದ ಭಾಗವನ್ನು ಹಾಗೆಯೇ ಬಿಡಬೇಕೆಂದು ನಾನು ಕೇಳಿಕೊಂಡಿದ್ದೇನೆ.